ತಲೆಯ ಮೇಲಿನ ನಾಟಿ

ಚಳಿ ಹಿಂದೆ ಸರಿದು ಬಿಸಿಲಿನ್ನೂ ಚುರುಕು ಮುಟ್ಟಿಸದ ಕಾಲ. ಎಲೆಯ ಮೇಲಿನ ಇಬ್ಬನಿ ಆರುವ ಮೊದಲೇ ಆಳುಗಳು ಹೊಲಕ್ಕಿಳಿದು ಬಗ್ಗಿದ್ದರು. ಟೊಮೆಟೊ ಸಸಿಯ ಟ್ರೇಗಳನ್ನು ನೆರಳು ಪರದೆಯ ಕೆಳಗಿನಿಂದ ಹೊತ್ತು ತಂದು ಬದುವಿನ ಮೇಲೆ ಸಾಲಾಗಿ ಇಟ್ಟಿದ್ದರು. ಹೆಂಗಸರು ಬೆರಳಲ್ಲಿ ಕುಳಿ ತೋಡಿ, ಸಸಿ ಇಳಿಸಿ, ಎರಡೂ ಹೆಬ್ಬೆರಳಿಂದ ಬುಡ ಒತ್ತಿ ಮುಂದಕ್ಕೆ ಸರಿಯುತ್ತಿದ್ದರು. ಅವರ ಹಿಂದೆ ಸಸಿಯಜಮಾನ ಬೆನ್ನಿಗೆ ಕೈ ಕಟ್ಟಿಕೊಂಡು ಬರುತ್ತಿದ್ದ. ಆಗಾಗ ಬಗ್ಗಿ ಒಂದು ಸಸಿಯ ಎಲೆಯ ತುದಿ ಹಿಡಿದು ಮೇಲಕ್ಕೆ ಎಳೆಯುವನು. ಎಲೆ ಹರಿದು ಕೈಗೆ ಬಂದರೆ ನಾಟಿ ಸರಿ. ಸಸಿಯೇ ಎದ್ದು ಬಂದರೆ ನೆಟ್ಟವಳ ವಂಶವನ್ನೆಲ್ಲ ಎತ್ತಿ ಆಡುವನು.

"ಇದು ನಾಟಿನಾ? ಗಾಳಿ ಬೀಸಿದ್ರೆ ನಿನ್ನ ಹಿಂದೆನೇ ಮನೆಗೆ ಬರುತ್ತೆ ಇದು."

ಅವನ ಹತ್ತಿರ ಸಸಿ ಕೊಳ್ಳಲು ಊರೂರಿನಿಂದ ಜನ ಬರುತ್ತಿದ್ದರು. ಬಂದವರನ್ನೂ ಅವನು ಬಿಡುತ್ತಿರಲಿಲ್ಲ. ನೀರು ಹಾಕಲು ಬಾರದವರು, ಗೊಬ್ಬರ ಸುರಿದು ಬುಡ ಸುಡುವವರು, ಪುಸ್ತಕ ಓದಿ ಬೇಸಾಯಕ್ಕೆ ಇಳಿದವರು. ಅವನ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆಯ ಜನ: ಸಸಿ ಬೆಳೆಸಬಲ್ಲವರು, ಮಿಕ್ಕವರು. ಮೊದಲನೆಯ ಬಗೆಯಲ್ಲಿ ಅವನೊಬ್ಬನೇ ಇದ್ದ.

ಅವನ ತಮ್ಮ ಮಿಕ್ಕವರಲ್ಲಿ ಸೇರಿದವನು. ಪೇಟೆಯ ತರಕಾರಿ ಮಂಡಿಯಲ್ಲಿ ಹರಾಜು ಕೂಗುವುದು ಅವನ ಕೆಲಸ. ಮದುವೆಯಾಗಿರಲಿಲ್ಲ, ಮಂಡಿಯ ಮೇಲಿನ ಕೋಣೆಯಲ್ಲಿ ಒಬ್ಬನೇ ಇದ್ದ. ಆದರೆ ಪ್ರತಿ ವರ್ಷ ನಾಟಿಯ ಕಾಲಕ್ಕೆ ರಜೆ ಹಾಕಿ ಬಂದು ಅಣ್ಣನ ಹೊಲದಲ್ಲಿ ಎಲ್ಲರ ಜೊತೆ ಬಗ್ಗುತ್ತಿದ್ದ. ಈ ವರ್ಷವೂ ಬಂದಿದ್ದ. ತಲೆಗೆ ಬಿಗಿಯಾಗಿ ವಸ್ತ್ರ ಸುತ್ತಿಕೊಂಡಿದ್ದ. ನೆತ್ತಿಯಿಂದ ಹಣೆಯವರೆಗೆ ಅವನಿಗೆ ಒಂದು ಕೂದಲೂ ಇರಲಿಲ್ಲ. ಅಣ್ಣನ ತಲೆಯೋ, ಐವತ್ತು ದಾಟಿದರೂ ಪೊರಕೆಯ ಹಾಗೆ ದಟ್ಟವಾಗಿ ನಿಂತಿತ್ತು. "ಅಪ್ಪನ ಆಸ್ತಿಲಿ ನನ್ನ ಪಾಲಿಗೆ ಕೂದಲು ಬಂತು, ಇವನ ಪಾಲಿಗೆ ಗಂಟಲು," ಎಂದು ಅಣ್ಣ ಹೇಳಿದಾಗಲೆಲ್ಲ ಆಳುಗಳು ನಗುತ್ತಿದ್ದರು. ತಮ್ಮನೂ ನಗುತ್ತಿದ್ದ.

ಆ ದಿನ ಬದುವಿನ ಮೇಲೆ ಊಟಕ್ಕೆ ಕೂತಾಗ ತಟ್ಟೆಯನ್ನೇ ನೋಡುತ್ತ ತಮ್ಮ ಹೇಳಿದ, "ಅಣ್ಣಾ, ನಾಟಿ ಮುಗಿದ ಮೇಲೆ ನಾನು ತಲೆಗೆ ಆಪರೇಷನ್ ಮಾಡಿಸ್ಕೊಳ್ತಿದ್ದೀನಿ."

ಅತ್ತಿಗೆಯ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. "ಅಯ್ಯೋ, ಏನಾಗಿದೆಯಪ್ಪ ತಲೆಗೆ?"

"ಏನೂ ಆಗಿಲ್ಲ ಅತ್ತಿಗೆ. ಕೂದಲು ನೆಡಿಸ್ತಾರಂತೆ. ಹಿಂದಿನಿಂದ ಕಿತ್ತು ಮುಂದೆ."

ಸಸಿಯಜಮಾನನಿಗೆ ತುತ್ತು ನೆತ್ತಿಗೇರಿತು. ಕೆಮ್ಮಿ, ನೀರು ಕುಡಿದು, ಮತ್ತೆ ಕೆಮ್ಮಿದ. "ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತ ಕೇಳಿದ್ದೆ. ಇವನಿಗೆ ಜುಟ್ಟೇ ಇಲ್ಲ! ಯಾರಿಗೆ ತೋರಿಸೋಕೋ? ಬದನೆಕಾಯಿಗಾ?"

"ಕಟ್ಟೆ ಮೇಲೆ ನಿಂತು ಕೂಗೋನು ನಾನು," ಎಂದ ತಮ್ಮ. "ಕೆಳಗೆ ನಿಂತೋರು ಬೆಲೆ ಹೇಳೋ ಬದಲು, 'ಕನ್ನಡೀ, ಸ್ವಲ್ಪ ಆ ಕಡೆ ತಿರುಗು, ಕಣ್ಣು ಕುಕ್ಕುತ್ತೆ' ಅಂತಾರೆ. ಒಬ್ಬ ನಕ್ಕರೆ ಎಲ್ಲಾ ನಗ್ತಾರೆ. ನಗೋ ಗುಂಪಲ್ಲಿ ಬೆಲೆ ಏರಲ್ಲ ಅಣ್ಣಾ. ಮಾಲು ತರೋ ರೈತರು ಒಬ್ಬೊಬ್ಬರೇ ಪಕ್ಕದಲ್ಲಿ ಕೂಗೋ ಇನ್ನೊಬ್ಬನ ಕಟ್ಟೆಗೆ ಹೋಗ್ತಿದ್ದಾರೆ. ಹಿಂಗೇ ಆದ್ರೆ ನನ್ನ ಕಟ್ಟೆ ಹೋಗುತ್ತೆ."

"ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕೋದು ಅಂದ್ರೆ ಇದೇ," ಎಂದು ಅಣ್ಣ ಎದ್ದು ಕೈ ತೊಳೆದ.

ಆದರೂ ಆಸ್ಪತ್ರೆಗೆ ಜೊತೆಯಲ್ಲಿ ಹೋದ. ತಮ್ಮನ ಮೇಲಿನ ಅಕ್ಕರೆಗಿಂತ ಹೆಚ್ಚಾಗಿ, ಆ ಮೋಸವನ್ನು ಕಣ್ಣಾರೆ ನೋಡಬೇಕು ಎಂಬ ಹಟ.

ಆಸ್ಪತ್ರೆ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಗಾಜಿನ ಬಾಗಿಲು, ತಣ್ಣನೆಯ ಗಾಳಿ, ಗೋಡೆಯ ತುಂಬ ಜೋಡಿ ಫೋಟೋಗಳು: ಮೊದಲನೆಯದರಲ್ಲಿ ಅಳುಮೋರೆಯ ಬೋಳ, ಎರಡನೆಯದರಲ್ಲಿ ಅವನೇ ಹಲ್ಲು ಕಿಸಿದುಕೊಂಡು ಕೂದಲ ಸಮೇತ. ಸಸಿಯಜಮಾನ ಒಂದೊಂದನ್ನೂ ಮೂಗು ತಾಗುವಷ್ಟು ಹತ್ತಿರ ಹೋಗಿ ನೋಡಿದ. "ಬೀಜದ ಪೊಟ್ಟಣದ ಮೇಲೂ ಹಿಂಗೇ ಕುಂಬಳಕಾಯಿ ಗಾತ್ರದ ಟೊಮೆಟೊ ಚಿತ್ರ ಹಾಕಿರ್ತಾರೆ," ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬೆಂಚಿನ ಮೇಲೆ ಟೋಪಿ ಹಾಕಿ ಕೂತಿದ್ದ ಮೂವರು ಗಂಡಸರು ನೆಲ ನೋಡಿದರು.

ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಮೆಲುಮಾತಿನವರು. ತಮ್ಮನ ತಲೆಯನ್ನು ದೀಪದ ಕೆಳಗೆ ತಿರುಗಿಸಿ ನೋಡಿ, ಹಿಂಬದಿಯ ಕೂದಲನ್ನು ಬೆರಳಲ್ಲಿ ಬಿಡಿಸಿ ಹೇಳಿದರು, "ಎರಡು ದಾರಿ ಇದೆ. ಹಿಂದಿನಿಂದ ಚರ್ಮದ ಒಂದು ಪಟ್ಟಿನೇ ಕೊಯ್ದು, ಅದರಲ್ಲಿರೋ ಬೇರುಗಳನ್ನ ಬಿಡಿಸಿ ಮುಂದೆ ನೆಡೋದು ಒಂದು. ಹಿಂದೆ ಹೊಲಿಗೆ ಗೆರೆ ಉಳಿಯುತ್ತೆ, ಕೂದಲು ಉದ್ದ ಬಿಟ್ರೆ ಮುಚ್ಚಿಹೋಗುತ್ತೆ. ಇಲ್ಲಾಂದ್ರೆ ಸಣ್ಣ ಕೊಳವೆಯಂಥ ಸೂಜಿಯಿಂದ ಒಂದೊಂದೇ ಬೇರು ಎತ್ತಿ ನೆಡೋದು. ಹೊಲಿಗೆ ಇಲ್ಲ, ಚುಕ್ಕಿ ಚುಕ್ಕಿ ಗುರುತು ಉಳಿಯುತ್ತೆ ಅಷ್ಟೆ. ಹೊತ್ತು ಹಿಡಿಯುತ್ತೆ."

"ಒಂದು ಹುಲ್ಲಿನ ಹಾಸು ಕೊಯ್ದಂಗೆ, ಇನ್ನೊಂದು ಸಸಿ ಕಿತ್ತು ನೆಟ್ಟಂಗೆ," ಎಂದ ಸಸಿಯಜಮಾನ. "ಮೂರನೇದು ಇಲ್ವಾ?"

"ಹಿಂದೆಲ್ಲ ಬೋಳು ಜಾಗವನ್ನೇ ಕತ್ತರಿಸಿ ತೆಗೆದು, ಎರಡೂ ಕಡೆ ಚರ್ಮ ಎಳೆದು ಹೊಲೀತಿದ್ರು. ಈಗ ಅದನ್ನ ಮಾಡೋರು ಕಡಿಮೆ."

"ಹರಿದ ಚೀಲ ಹೊಲಿದಂಗೆ. ಸರಿ, ನಾವೂ ಹೊಲೀತೀವಿ ಬಿಡಿ."

ಡಾಕ್ಟರು ಅವನ ಕಡೆ ತಿರುಗದೆ ತಮ್ಮನಿಗೇ ಹೇಳಿದರು, "ಒಂದು ಮಾತು ನೆನಪಿರಲಿ. ಹಿಂದಿನಿಂದ ತೆಗೆದ ಜಾಗದಲ್ಲಿ ಮತ್ತೆ ಹುಟ್ಟಲ್ಲ. ನಿಮ್ಮ ಹಿಂದಿನ ಕೂದಲೂ ತೆಳು. ಒಂದು ಸಲಕ್ಕೆ ಸಾಲುತ್ತೆ. ಇನ್ನೊಂದು ಸಲಕ್ಕೆ ಇಲ್ಲ. ಇರೋದು ಒಂದೇ ಅವಕಾಶ."

ತಮ್ಮ ತಲೆಯಾಡಿಸಿದ. ಒಂದೊಂದೇ ಬೇರು ಎತ್ತುವುದನ್ನು ಆರಿಸಿಕೊಂಡ.

ಆಪರೇಷನ್ ದಿನ ಬೆಳಗಿನಿಂದ ಸಂಜೆಯವರೆಗೆ ಸಸಿಯಜಮಾನ ಹೊರಗಿನ ಬೆಂಚಿನ ಮೇಲೆ ಕೂತು ಕಾವಲಿನವನಿಗೆ ಮೆಣಸಿನ ಸಸಿಯ ಕೊಳೆರೋಗದ ಬಗ್ಗೆ ಪಾಠ ಹೇಳಿದ. ತಮ್ಮ ಹೊರಗೆ ಬಂದಾಗ ಅವನ ನೆತ್ತಿಯ ತುಂಬ ಕೆಂಪು ಚುಕ್ಕಿಗಳ ಸಾಲು, ಚುಕ್ಕಿಗೊಂದು ಮೋಟು ಕೂದಲು. ಕೈಯಲ್ಲಿ ಉಪ್ಪುನೀರು ಚಿಮುಕಿಸುವ ಬಾಟಲಿ. ತಮ್ಮ ದಾರಿಯುದ್ದಕ್ಕೂ ಡಾಕ್ಟರ ಮಾತನ್ನು ಒಪ್ಪಿಸಿದ: ಆಗಾಗ ನೀರು ಚಿಮುಕಿಸುತ್ತಿರಬೇಕು, ಬಿಸಿಲು ಬೀಳಬಾರದು, ಬೇರು ಕೂರುವವರೆಗೆ ಕೈ ಮುಟ್ಟಿಸಲೇಬಾರದು. ಕೆಲವು ವಾರದ ಮೇಲೆ ನೆಟ್ಟ ಕೂದಲು ಒಮ್ಮೆ ಉದುರಿಹೋಗುತ್ತೆ, ಬೇರು ಒಳಗೇ ಇರುತ್ತೆ, ತಿಂಗಳುಗಳು ಕಳೆದು ಹೊಸದು ಬರುತ್ತೆ.

"ಉದುರಿದ್ರೂ ನಮ್ಮ ತಪ್ಪಲ್ಲ ಅಂತ ಮೊದಲೇ ಕಟ್ಟಿಟ್ಟ ಮಾತು ಅದು," ಎಂದ ಅಣ್ಣ. "ದುಡ್ಡು ಕೊಟ್ಟು ತಲೆ ಬೋಳಿಸ್ಕೊಳ್ಳೋದು ಅಂದ್ರೆ ಇದೇ ನೋಡು. ನಿನಗಂತೂ ಅದೂ ಬೇಕಿರಲಿಲ್ಲ."

ಮಂಡಿಯ ಧೂಳಿನಲ್ಲಿ ಇರುವುದು ಬೇಡ, ಹತ್ತಿರ ಒಬ್ಬರು ಇದ್ದು ನೋಡಿಕೊಳ್ಳಲಿ ಎಂದು ಡಾಕ್ಟರು ಹೇಳಿದ್ದರಿಂದ ಅವನು ಅಣ್ಣನ ಮನೆಗೇ ಬಂದ. ಮುಂದಿನ ಕೋಣೆಯಲ್ಲಿ ದಿಂಬುಗಳನ್ನು ಒಟ್ಟಿ ಒರಗಿಸಿ ಕೂರಿಸಿದರು. "ಇಷ್ಟು ದಿನದ ಆರೈಕೆಗೆ ಮುಂದಿನ ನಾಟಿಲಿ ಬಂದು ಮುಯ್ಯಿ ತೀರಿಸ್ಬೇಕು, ಗೊತ್ತಾಯ್ತಾ?" ಎಂದ ಅಣ್ಣ. ಅವರಲ್ಲಿ ಕೆಲಸಕ್ಕೆ ಕೆಲಸವೇ ಮುಯ್ಯಿ. ಋಣ ಬಿದ್ದವನೇ ಬಂದು ಮೈ ಬಗ್ಗಿಸಿ ತೀರಿಸಬೇಕು, ಕೂಲಿ ಆಳು ಸಲ್ಲದು.

"ಬರದೆ ಎಲ್ಲಿ ಹೋಗ್ಲಿ ಅಣ್ಣಾ," ಎಂದ ತಮ್ಮ.

ಮೊದಲ ದಿನ ಅತ್ತಿಗೆಯೇ ಬಾಟಲಿ ಹಿಡಿದು ನಿಂತಳು. ಒಲೆಯ ಮುಂದಿನಿಂದ ಎದ್ದು ಬಂದು ಚಿಮುಕಿಸುವಳು, ಹೋಗುವಳು, ಮತ್ತೆ ಬರುವಳು. ಸಸಿಯಜಮಾನ ಬಾಗಿಲಲ್ಲಿ ನಿಂತು ನೋಡಿ ಲೊಚಗುಟ್ಟಿದ. "ಹಿಂಗೆ ನೀರು ಕುಡಿಸಿ ಕುಡಿಸಿಯೇ ಜನ ಸಸಿನ ಕೊಳೆಸೋದು."

"ನೀವು ನಿಮ್ಮ ಟ್ರೇ ನೋಡ್ಕೊಳ್ಳಿ," ಎಂದಳು ಹೆಂಡತಿ.

ಮಾರನೆಯ ದಿನ ಅವಳು ಅಕ್ಕನ ಮಗಳ ಬಾಣಂತನ ನೋಡಲು ಪಕ್ಕದ ಊರಿಗೆ ಹೋಗಬೇಕಾಗಿತ್ತು. ಹೊರಡುವಾಗ ಬಾಟಲಿಯನ್ನು ಗಂಡನ ಕೈಗೆ ಕೊಟ್ಟು, "ಚಿಮುಕಿಸ್ತಾ ಇರಿ. ಬೇರೆ ಏನೂ ಮಾಡಬೇಡಿ," ಎಂದಳು. ಅವಳು ಬೀದಿಯ ತಿರುವು ದಾಟಿದ್ದೇ ತಡ, ಅವನು ಬಾಟಲಿಯನ್ನು ಕಿಟಕಿಯ ಮೇಲಿಟ್ಟ.

"ಏಳು. ಬಾಗಿಲ ಹತ್ತಿರ ಕೂತ್ಕೊ."

"ಬಿಸಿಲು ಬೀಳಬಾರ್ದಂತೆ ಅಣ್ಣಾ."

"ನೆರಳಲ್ಲೇ ಇಟ್ಟ ಸಸಿ ಹೊಲ ಕಂಡ ದಿನವೇ ಸಾಯುತ್ತೆ. ನೀರು ತಡೆದು, ಬಿಸಿಲು ತೋರಿಸಿ ಗಟ್ಟಿ ಮಾಡ್ಬೇಕು. ಆ ಡಾಕ್ಟರು ಎಷ್ಟು ಎಕರೆ ನೆಟ್ಟಿದ್ದಾನೆ ಕೇಳಿದ್ಯಾ? ನಾನು ನೆಟ್ಟ ಸಸಿ ಒಂದು ಸತ್ತಿದ್ದು ನೋಡಿದ್ದೀಯಾ ನೀನು?"

ನೋಡಿರಲಿಲ್ಲ. ತಮ್ಮನಿಗೆ ಕುಳಿ ತೋಡಲು, ಬುಡ ಒತ್ತಲು ಕಲಿಸಿದವನು ಇದೇ ಅಣ್ಣ. ಬಾಯಿ ತೆರೆದರೆ ಮಂಡಿಯನ್ನೇ ನಡುಗಿಸುವ ಗಂಟಲು ಈ ಒಬ್ಬನ ಮುಂದೆ ಎಂದೂ ಎದ್ದದ್ದಿಲ್ಲ. ಅವನು ಕುರ್ಚಿ ಎಳೆದುಕೊಂಡು ಬಾಗಿಲ ಬಳಿ ಕೂತ. ಬೆಳಗಿನ ಬಿಸಿಲು ತಲೆಯ ಎಡಭಾಗಕ್ಕೆ ಬಿತ್ತು. ಹೊತ್ತು ಏರಿದಂತೆ ಆ ಕಡೆಯ ಚುಕ್ಕಿಗಳು ಒಣಗಿ ಕಪ್ಪು ಹಕ್ಕಳೆಯಾದವು. ಚರ್ಮ ಬಿಗಿದು ಉರಿಯುತ್ತಿದೆ ಎಂದ ತಮ್ಮ. ಗಟ್ಟಿಯಾಗ್ತಿದೆ ಎಂದ ಅಣ್ಣ.

ಮಧ್ಯಾಹ್ನ ಸಸಿಯಜಮಾನ ಕೈ ತೊಳೆದು ಬಂದು ತಮ್ಮನ ಹಿಂದೆ ನಿಂತ. "ಬೇರು ಹಿಡಿದಿದೆಯಾ ನೋಡೋಣ," ಎಂದು ಎಡಗಡೆಯ ಮೂಲೆಯಲ್ಲಿ ಒಂದು ಮೋಟು ಕೂದಲನ್ನು ಉಗುರಿನಿಂದ ಹಿಡಿದು ಮೇಲಕ್ಕೆ ಎಳೆದ.

ಕೂದಲು ಬೇರು ಸಮೇತ ಎದ್ದು ಬಂತು. ಬಂದ ಜಾಗದಲ್ಲಿ ಸಾಸಿವೆಯಷ್ಟು ರಕ್ತ ಮೂಡಿತು.

"ಅಣ್ಣಾ! ಮುಟ್ಟಬೇಡಿ ಅಂದಿದ್ದಾರೆ!"

"ಯಾಕೆ ಮುಟ್ಟಬೇಡಿ ಅಂದ ಅಂತ ಈಗ ಗೊತ್ತಾಯ್ತು. ಸಡಿಲ ನಾಟಿ! ನೋಡು, ನೋಡು." ಅವನ ದನಿಯಲ್ಲಿ ಹಬ್ಬದ ಹುರುಪು. ಪಕ್ಕದ್ದನ್ನು ಎಳೆದ. ಅದೂ ಬಂತು. "ನನ್ನ ಹೊಲದಲ್ಲಿ ಹಿಂಗೆ ನೆಟ್ಟಿದ್ರೆ ಕೂಲಿ ಕೊಡದೆ ಕಳಿಸ್ತಿದ್ದೆ."

"ಸಾಕು ಅಣ್ಣಾ, ಬಿಡು."

"ಸುಮ್ನೆ ಕೂತ್ಕೊ. ಬೇರು ಹಿಡೀದ ಸಸಿನ ಉಳಿಸ್ಕೊಂಡ್ರೆ ಪಕ್ಕದ್ದಕ್ಕೂ ಕೊಳೆ ಹತ್ತುತ್ತೆ. ಗಟ್ಟಿ ಇರೋದು ಉಳಿಯುತ್ತೆ, ಪೊಳ್ಳು ಹೋಗುತ್ತೆ."

ಎಡಗಡೆ ಸಾಲು ಹಿಡಿದು ಬಂದ. ತಮ್ಮನೋ, ಕುರ್ಚಿಯ ಕೈಗಳನ್ನು ಹಿಡಿದು, ಕಣ್ಣು ಮುಚ್ಚಿ, ಬಾಲ್ಯದಲ್ಲಿ ಮುಳ್ಳು ತೆಗೆಸಿಕೊಳ್ಳುತ್ತಿದ್ದ ಹಾಗೆ ಕೂತಿದ್ದ. ಕಿತ್ತದ್ದನ್ನೆಲ್ಲ ಅಣ್ಣ ಅಂಗೈಯಲ್ಲಿ ಕೂಡಿಸಿಕೊಳ್ಳುತ್ತಿದ್ದ, ಡಾಕ್ಟರ ಮುಖಕ್ಕೆ ಹಿಡಿಯಲು. ನಡುನೆತ್ತಿಯ ಹತ್ತಿರ ಬರುವಷ್ಟರಲ್ಲಿ, ಕಾದು ಕಾದು ಬಸ್ಸು ಸಿಗದೆ ಹಿಂದಿರುಗಿದ ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಅದು ತಲೆ ಕಣ್ರೀ! ಟ್ರೇ ಅಲ್ಲ!"

"ಸಡಿಲ ನಾಟಿ ಕಣೇ. ನೋಡಿಲ್ಲಿ, ಒಂದಾದ್ರೂ—"

"ನಿಮ್ಮ ನಾಟಿಗೆ ಬೆಂಕಿ ಹಾಕ! ನಿನ್ನೆ ಮೊನ್ನೆ ನೆಟ್ಟಿದ್ದನ್ನ ಇವತ್ತು ಎಳೆದು ನೋಡೋ ಮನುಷ್ಯರು ಉಂಟಾ? ನಿಮ್ಮ ಎಲೆ ಹರಿಯುತ್ತೆ ಅಂತ ಕೂದಲು ಹರಿಯುತ್ತಾ? ಏಳಪ್ಪಾ ನೀನು, ಒಳಗೆ ನಡಿ. ಇವರು ಕರೆದ್ರು ಅಂತ ಕೂರ್ತೀಯಲ್ಲ, ನಿನಗಾದ್ರೂ ಬುದ್ಧಿ ಬೇಡ್ವಾ?"

ಆಮೇಲೆ ಆ ಕೋಣೆಗೆ ಗಂಡನನ್ನು ಅವಳು ಬಿಡಲಿಲ್ಲ. ಉಳಿದ ದಿನವೆಲ್ಲ ತಾನೇ ಚಿಮುಕಿಸಿದಳು, ಕಿಟಕಿಗೆ ಪರದೆ ಕಟ್ಟಿದಳು. ಸಸಿಯಜಮಾನ ಅಂಗಳದಲ್ಲಿ ಓಡಾಡುತ್ತ ಹೆಂಗಸರ ಅಜ್ಞಾನದ ಬಗ್ಗೆ ಗೊಣಗಿದ.

ಮೂರು ವಾರದ ಮೇಲೆ ತಮ್ಮನ ತಲೆಯಲ್ಲಿ ಉಳಿದಿದ್ದ ಮೋಟು ಕೂದಲೂ ದಿಂಬಿನ ಮೇಲೆ ಉದುರಿತು. ಎಡಗಡೆ, ಬಲಗಡೆ ಎರಡೂ ಒಂದೇ ಸಮನಾಗಿ ಬೋಳು. ಸಸಿಯಜಮಾನನಿಗೆ ಅಂದು ಬಂದಷ್ಟು ಖುಷಿ ಒಳ್ಳೆಯ ಬೆಳೆ ಬಂದ ವರ್ಷವೂ ಬಂದಿರಲಿಲ್ಲ. ದಿಂಬನ್ನೇ ಎತ್ತಿ ಹೆಂಡತಿಗೆ ತೋರಿಸಿದ. ಸಸಿ ಕೊಳ್ಳಲು ಬಂದವರಿಗೆಲ್ಲ ಹೇಳಿದ. ಪೇಟೆಯ ಚಹಾದ ಅಂಗಡಿಯಲ್ಲಿ ಕೂತು, ಸೂಜಿ ಹಿಡಿದವರೆಲ್ಲ ನಾಟಿ ಮಾಡಲು ಹೊರಟರೆ ಏನಾಗುತ್ತದೆ ಎಂದು ಕೈ ಬಾಯಿ ತಿರುಗಿಸಿ ವಿವರಿಸಿದ. "ನಾನಾದ್ರೂ ಅರ್ಧ ಕಿತ್ತು ಸಂಕಟ ಕಡಿಮೆ ಮಾಡಿದೆ," ಎಂದೂ ಒಂದು ಮಾತು ಸೇರಿಸುತ್ತಿದ್ದ. ಕೇಳಿದವರು ಬಿದ್ದು ಬಿದ್ದು ನಕ್ಕರು. ಮಾತು ಚಹಾದ ಅಂಗಡಿಯಿಂದ ಮಂಡಿಗೆ ಹೋಗಲು ಬೀದಿ ದಾಟಿದರೆ ಸಾಕಿತ್ತು.

ಟೋಪಿ ಹಾಕಿಕೊಂಡು ಕಟ್ಟೆ ಹತ್ತುತ್ತಿದ್ದ ತಮ್ಮ. ಮಳೆಗಾಲ ಬಂತು. ಹೊಲದಲ್ಲಿ ಎರಡನೆಯ ಬೆಳೆ ಎದ್ದಿತು. ಒಂದು ಭಾನುವಾರ ಅವನು ಅಣ್ಣನ ಮನೆಗೆ ಬಂದು, ಅಂಗಳದಲ್ಲಿ ನಿಂತು ಟೋಪಿ ತೆಗೆದ.

ನೆತ್ತಿಯ ನಡುವಿನಿಂದ ಬಲಕ್ಕೆ ಕಪ್ಪು ಕೂದಲು ಒತ್ತಾಗಿ, ಹದವಾದ ಮಡಿಯ ಪೈರಿನ ಹಾಗೆ ಎದ್ದು ನಿಂತಿತ್ತು. ಎಡಕ್ಕೆ ಏನೂ ಇಲ್ಲ. ಅಲ್ಲೊಂದು ಇಲ್ಲೊಂದು ದಾರಿ ತಪ್ಪಿದ ಎಳೆ. ನಡುವೆ ಗೆರೆ ಎಳೆದಂತೆ ಗಡಿ, ಅತ್ತಿಗೆ ಚೀಲ ಕೆಳಗೆ ಹಾಕಿದ ಹೊತ್ತಿಗೆ ಅಣ್ಣನ ಬೆರಳು ನಿಂತಿದ್ದ ಜಾಗಕ್ಕೆ ಸರಿಯಾಗಿ.

ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಸಿಯಜಮಾನ ಹತ್ತಿರ ಬಂದು ಸುತ್ತ ತಿರುಗಿ ನೋಡಿದ. ಬಲಗಡೆಯನ್ನು ಕೈಯಿಂದ ಮುಟ್ಟಿ ನೋಡಿದ. ಅವನು ನಿಜವಾಗಿಯೂ ಸಸಿ ಬಲ್ಲವನು. ಕಣ್ಣಿಗೆ ಬಿದ್ದದ್ದು ಅರ್ಥವಾಗದೆ ಇರಲಿಲ್ಲ. ಆದರೆ ಬಾಯಿ ಬೇರೆ ದಾರಿಯಲ್ಲಿ ನಡೆದು ರೂಢಿ. "ಆ ಕಡೆ ನೆಡುವಾಗ ಸಂಜೆಯಾಗಿರ್ಬೇಕು," ಎಂದ. "ದಣಿದ ಕೈ."

"ನಾಳೆ ಡಾಕ್ಟರ ಹತ್ರ ಹೋಗ್ತಿದ್ದೀನಿ," ಎಂದ ತಮ್ಮ. "ಬರ್ತೀಯಾ ಅಣ್ಣಾ?"

"ಬರ್ತಾರೆ," ಎಂದಳು ಅತ್ತಿಗೆ.

ಡಾಕ್ಟರು ದೀಪ ಹತ್ತಿರ ತಂದು ಎಡಭಾಗವನ್ನು ಬಹಳ ಹೊತ್ತು ನೋಡಿದರು. "ಈ ಕಡೆ ಏನು ಮಾಡ್ಕೊಂಡ್ರಿ?"

ಗೋಡೆಗೆ ಆನಿಕೊಂಡು ನಿಂತಿದ್ದ ಸಸಿಯಜಮಾನ ನೆಲ ನೋಡಿದ. ತಮ್ಮ ಅವನ ಕಡೆ ತಿರುಗದೆ ಹೇಳಿದ, "ನಿದ್ದೆಯಲ್ಲಿ ಕೆರ್ಕೊಂಡೆ ಡಾಕ್ಟ್ರೇ. ಬಿಸಿಲಲ್ಲೂ ಕೂತಿದ್ದೆ."

"ಕೆರ್ಕೊಂಡ್ರಾ?" ಡಾಕ್ಟರ ಮೆಲುದನಿ ಹೋಗಿತ್ತು. "ಅಷ್ಟು ಬಿಡಿಸಿ ಹೇಳಿ ಕಳಿಸಿದ್ದೀನಿ. ಚಿಕ್ಕ ಮಕ್ಕಳಿಗೆ ಹೇಳಿದ್ರೂ ಕೇಳ್ತಾವೆ. ಬರೋದು, ಮಾಡಿಸ್ಕೊಳ್ಳೋದು, ಮನೆಗೆ ಹೋಗಿ ತಮಗೆ ತಿಳಿದಂಗೆ ಮಾಡೋದು. ನಿಮ್ಮಂಥೋರಿಗೆ ಕೆಲಸ ಮಾಡೋದೇ ದಂಡ."

ಆ ಮಾತಿನ ಒಂದೊಂದು ತುಣುಕೂ ಸಸಿಯಜಮಾನನಿಗೆ ಪರಿಚಿತ. ಬದುವಿನ ಮೇಲೆ ನಿಂತು ತಾನು ಜೀವಮಾನವೆಲ್ಲ ಆಡಿದ್ದೇ ಅದು. ಈಗ ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಆಗಿತ್ತು. ತಮ್ಮನ ಬಾಗಿದ ತಲೆಯ ಹಿಂದೆ ಬೇರು ಎತ್ತಿದ ಬಿಳಿಯ ಚುಕ್ಕಿಗಳು ಕಾಣುತ್ತಿದ್ದವು. ಅವನು ಬಾಯಿ ಬಿಟ್ಟ.

"ಇವನು ಚಿಕ್ಕಂದಿನಿಂದಲೂ ಹಿಂಗೇ ಡಾಕ್ಟ್ರೇ," ಎಂದ. "ಕೈ ಸುಮ್ನಿರಲ್ಲ."

ತಮ್ಮ ಆಗ ತಿರುಗಿ ನೋಡಿದ. ಕೋಪವಾಗಲಿ, ಅಳುವಾಗಲಿ ಆ ಕಣ್ಣಲ್ಲಿ ಇರಲಿಲ್ಲ. ಕೊಳೆತ ಮಾಲಿನ ಬುಟ್ಟಿಯನ್ನು ಕಟ್ಟೆಯ ಮೇಲಿಂದ ಒಮ್ಮೆ ನೋಡಿ, ಬೆಲೆ ಕೂಗದೆ ಮುಂದಿನದಕ್ಕೆ ಹೋಗುವ ನೋಟ ಅದು.

ಮತ್ತೆ ನೆಡಲು ಆಗುವುದಿಲ್ಲ ಎಂದರು ಡಾಕ್ಟರು. ಹಿಂದೆ ಉಳಿದಿರುವುದನ್ನೂ ಎತ್ತಿದರೆ ಅಲ್ಲಿ ನುಸಿ ತಿಂದ ಕಂಬಳಿಯ ಹಾಗೆ ಕಾಣುತ್ತದೆ. ತಮ್ಮ ಅವತ್ತೇ ಸಂಜೆ ಕ್ಷೌರದ ಅಂಗಡಿಗೆ ಹೋಗಿ ಬಲಗಡೆ ಬೆಳೆದದ್ದನ್ನೂ ತೆಗೆಸಿಬಿಟ್ಟ. ಅಂದಿನಿಂದ ದಿನಾ ಬೆಳಿಗ್ಗೆ ತಾನೇ ಬ್ಲೇಡು ಹಿಡಿದು ತಲೆ ಬೋಳಿಸಿಕೊಳ್ಳುತ್ತಿದ್ದ. ಹಿಂಬದಿಯ ಚುಕ್ಕಿಗಳು ಮಾತ್ರ ಈಗ ಎಲ್ಲರಿಗೂ ಕಾಣುತ್ತಿದ್ದವು. ಮಂಡಿಯಲ್ಲಿ 'ಕನ್ನಡಿ' ಹೋಗಿ 'ಅರ್ಧ ಫಸಲು' ಬಂತು. ಆ ಹೆಸರಿಟ್ಟವರು ಚಹಾದ ಅಂಗಡಿಯ ಕತೆ ಕೇಳಿದವರೇ. ಬೇರು ಹಿಡಿದ ಮೇಲೆ ಮಾತನ್ನು ಕೀಳುವವರು ಯಾರು? ವರ್ಷ ತಿರುಗುವ ಮೊದಲೇ ಅವನ ಕಟ್ಟೆಯ ರೈತರೆಲ್ಲ ಇನ್ನೊಬ್ಬನ ಕಡೆ ಹೋದರು. ಮಂಡಿಯವರು ಅವನನ್ನು ಇಳಿಸಿ ಹಿಂದಿನ ಗೋದಾಮಿನಲ್ಲಿ ತಕ್ಕಡಿಯ ಮುಂದೆ ಕೂರಿಸಿದರು. ಅಲ್ಲಿ ಕೂಗುವ ಕೆಲಸವಿಲ್ಲ.

ಮತ್ತೆ ಚಳಿ ಹಿಂದೆ ಸರಿಯಿತು. ಟ್ರೇಗಳು ಬದುವಿಗೆ ಬಂದವು. ಸಸಿಯಜಮಾನ ಬೆಳಿಗ್ಗೆಯಿಂದ ಪೇಟೆಯ ದಾರಿಯ ಕಡೆಯೇ ಕಣ್ಣಿಟ್ಟಿದ್ದ. "ಬರ್ತಾನೆ ನೋಡು," ಎಂದ ಹೆಂಡತಿಗೆ. "ಮುಯ್ಯಿ ಇದೆ. ಅಷ್ಟು ದಿನ ಕೂರಿಸಿ ಆರೈಕೆ ಮಾಡಿದ್ದೀವಿ. ಬರದೆ ಇರೋ ಹಾಗಿಲ್ಲ."

ಅವಳು ಟ್ರೇಗಳಿಗೆ ನೀರು ಚಿಮುಕಿಸುತ್ತ ಮುಂದೆ ಹೋದಳು.

ಹೊತ್ತೇರುವ ಮೊದಲು ಗುರುತಿಲ್ಲದ ಇಬ್ಬರು ಗಂಡಾಳುಗಳು ಬದುವಿನ ಮೇಲೆ ಬಂದು ನಿಂತರು. ಮಂಡಿಯ ತೂಕದವರು ಕಳಿಸಿದ್ದು ಎಂದರು. ಅವರ ಪಾಲಿನ ಕೆಲಸ ಎಷ್ಟು ದಿನದ್ದೋ ಅಷ್ಟನ್ನೂ ತಾವು ಮಾಡುವುದಂತೆ, ಕೂಲಿ ಮುಂಗಡವಾಗಿಯೇ ಸಂದಿದೆಯಂತೆ, ಇಲ್ಲಿ ಊಟವನ್ನೂ ತೆಗೆದುಕೊಳ್ಳಬಾರದಂತೆ.

"ಕೂಲಿ ಆಳಾ?" ಸಸಿಯಜಮಾನನ ದನಿ ಏರಿತು. "ಮುಯ್ಯಿಗೆ ಕೂಲಿ ಆಳು ಕಳಿಸಿದ್ದಾನಾ? ಸ್ವಂತ ಅಣ್ಣನ ಮನೆಗೆ? ಅವನೇ ಬರ್ಬೇಕು ಅಂತ ಹೇಳಿ ಹೋಗಿ."

"ಹಾಗಂತೀರಿ ಅಂತ ಅವರು ಮೊದಲೇ ಹೇಳಿದ್ರು ಯಜಮಾನ್ರೇ," ಎಂದ ಇಬ್ಬರಲ್ಲಿ ದೊಡ್ಡವನು. ಅವನ ಮುಖದಲ್ಲಿ ಹಾಸ್ಯವಿರಲಿಲ್ಲ. "ಹಾಗಂದ್ರೂ ಮಾತಾಡದೆ ನೆಟ್ಟು ಬನ್ನಿ ಅಂದ್ರು."

ಇಬ್ಬರೂ ಪ್ಯಾಂಟು ಮಡಚಿ ಹೊಲಕ್ಕೆ ಇಳಿದರು. ಅತ್ತಿಗೆ ಟ್ರೇ ಎತ್ತಿ ಅವರ ಕೈಗೆ ಕೊಟ್ಟಳು. ಸಸಿಯಜಮಾನ ಬದುವಿನ ಮೇಲೆ ನಿಂತೇ ಇದ್ದ. ಅವರು ಬಂದ ದಿನದಿಂದ ಲೆಕ್ಕದ ಕಡೆಯ ದಿನದವರೆಗೂ ಅವರ ಬುತ್ತಿ ಅವರೇ ತಂದು, ಅವರೇ ಮರದ ಕೆಳಗೆ ಕೂತು ಉಂಡರು. ಕೊನೆಯ ಸಾಲು ಮುಗಿದ ಸಂಜೆ ಕಾಲುವೆಯಲ್ಲಿ ಕೈಕಾಲು ತೊಳೆದು, "ಅವರದ್ದು ತೀರಿತು ಅಮ್ಮಾ," ಎಂದು ಅತ್ತಿಗೆಗೆ ಹೇಳಿ ಪೇಟೆಯ ದಾರಿ ಹಿಡಿದರು.